ಲಾರ್ಗ್ಸ್ ದಂಡೆಯಲ್ಲಿ ನೀಲಕ್ಕನ ಕೂಗು

ದಾಂಡೇಲಿ ಬಿಟ್ಟದ್ದು

ನನ್ನ ಅಕ್ಕ ನೀಲಕ್ಕ ವಿಮಾನ ಹತ್ತಿದ್ದು ಮಗಳನ್ನು ಮನೆಗೆ ಕರೆದುಕೊಂಡು ಬರಲು. ನಾನು ಹತ್ತಿದ್ದು ಇಂಗ್ಲಿಷ್ ಮಾತಾಡಲು. ಹಳಿಯಾಳದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಆ ಭಾಷೆ ಆಡುವ ಜನರ ನಾಡನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಹೀಗಾಗಿ ಅಕ್ಕ "ತಮ್ಮಾ, ನೀ ಜೋಡಿ ಬಾ. ಅಲ್ಲೀ ಮಂದಿ ಮಾತು ನನಗೇನ್ ತಿಳೀತೈತಿ?" ಎಂದಾಗ ಮೇಲೆ ಸ್ವಲ್ಪ ಬಿಗುಮಾನ ತೋರಿಸಿ ಒಳಗೊಳಗೇ ಕುಣಿದೆ.

ಅಕ್ಕನ ಒಬ್ಬಳೇ ಮಗಳು ಸುಜಾತಾ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸಂಶೋಧನೆಯ ಕೆಲಸದಲ್ಲಿದ್ದಾಳೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಭಾವ ತೀರಿಕೊಂಡ ಮೇಲೆ ಅಕ್ಕ ಫೋನಿನಲ್ಲಿ "ಬಂದುಬಿಡವ್ವಾ" ಎನ್ನುತ್ತಲೇ ಇದ್ದಳು, ಸುಜಾ "ನೋಡೂಣು ಅವ್ವಾ" ಎನ್ನುತ್ತಲೇ ಇದ್ದಳು. ಈ ಬೇಸಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ಅವಳೇ ಫೋನು ಮಾಡಿ, "ಇಲ್ಲಿ ಸಾಕಾಗೇತಿ. ಬಂದುಬಿಡ್ತೇನಿ" ಎಂದಳು. ಅಕ್ಕ ಯಾಕೆ ಏನು ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬ ಭಯ. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸದ ಬಗ್ಗೆ ಮಾತಾಡಿ ಇಟ್ಟೆ. ಸಾಮಾನು ಕಟ್ಟಲು ನೆರವಾಗಲೆಂದು ಇಬ್ಬರೂ ಹೊರಟೆವು.

ಆ ಹುಡುಗಿ ಯಾಕೆ ಬೇಸತ್ತಳು ಎಂಬುದು ನನ್ನ ತಲೆಯನ್ನು ಕೊರೆಯುತ್ತಿತ್ತು. ಅಕ್ಕನಿಗೆ ಅಂಥದ್ದೇನೂ ಇರಲಿಲ್ಲ. ಹೊರಡುವ ಹಿಂದಿನ ವಾರವೇ ಸುಜಾಳ ಕೋಣೆಗೆ ಹೊಸ ಬಣ್ಣ ಹಚ್ಚಿಸಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿ ಒಳಗಿಟ್ಟಿದ್ದಳು.

ವಿಮಾನ ನಿಲ್ದಾಣದಲ್ಲಿ ರೊಟ್ಟಿ

ಗ್ಲಾಸ್ಗೋದಲ್ಲಿ ಇಳಿದ ಕೂಡಲೇ ನನ್ನ ಇಂಗ್ಲಿಷಿಗೆ ಮೊದಲ ಪರೀಕ್ಷೆ ಬಂತು. ಅಕ್ಕನ ಚೀಲದಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ಜೋಳದ ರೊಟ್ಟಿಯ ಕಟ್ಟು ಇತ್ತು. ತಪಾಸಣೆಯ ಅಧಿಕಾರಿ ಅದನ್ನು ಹೊರಗೆ ತೆಗೆದು ಏನಿದು ಎಂದ. ನಾನು ಗಂಟಲು ಸರಿಮಾಡಿಕೊಂಡು, ಇದು ನಮ್ಮ ಕಡೆಯ ಬ್ರೆಡ್ಡು ಎಂದೆ. ಅವನು ಬೆರಳಿನಿಂದ ಒಂದನ್ನು ತಟ್ಟಿದ. ಟಣ್ ಎಂದಿತು. ನನ್ನ ಮುಖ ನೋಡಿದ, ಮತ್ತೊಮ್ಮೆ ತಟ್ಟಿದ. ಬ್ರೆಡ್ಡು ಹೀಗೆ ಸದ್ದು ಮಾಡುವುದನ್ನು ಆತ ಹುಟ್ಟಿದಾಗಿನಿಂದ ಕೇಳಿರಲಿಲ್ಲವೇನೋ. ಜೋಳದ ಬಗ್ಗೆ, ಬಡಿದು ಮಾಡುವುದರ ಬಗ್ಗೆ, ತಿಂಗಳುಗಟ್ಟಲೆ ಕೆಡದೆ ಇರುವುದರ ಬಗ್ಗೆ ನಾನು ವ್ಯಾಕರಣ ತಪ್ಪದೆ ವಿವರಿಸುತ್ತಿರುವಾಗ, ಅಕ್ಕ ಕೈಹಾಕಿ ಒಂದು ರೊಟ್ಟಿ ಮುರಿದು ಬಾಯಿಗಿಟ್ಟು ಕಟಕಟ ಅಗಿದು ತೋರಿಸಿ, ಅವನ ಮುಂದೆಯೂ ಒಂದು ಚೂರು ಹಿಡಿದಳು. "ತಿನ್ನಪಾ, ವಿಷ ಅಲ್ಲ."

ಅವನು ನಕ್ಕು ಕೈಮುಗಿದು ಬಿಟ್ಟುಬಿಟ್ಟ. ನನ್ನ ಮೂವತ್ತು ವರ್ಷದ ಸರ್ವೀಸು ಅಲ್ಲಿಯೇ ಅರ್ಧ ಕರಗಿತು.

ಉಳಿದರ್ಧವನ್ನು ಟ್ಯಾಕ್ಸಿಯವನು ಕರಗಿಸಿದ. ಅವನು ಆಡಿದ್ದೂ ಇಂಗ್ಲಿಷೇ ಅಂತೆ. ಧಾರವಾಡದ ಕನ್ನಡ ಓದಿದವನನ್ನು ಮಂಗಳೂರಿನ ಮೀನು ಪೇಟೆಯಲ್ಲಿ ಬಿಟ್ಟ ಹಾಗಾಯಿತು ನನ್ನ ಸ್ಥಿತಿ. ಏನಂದಿರಿ, ಏನಂದಿರಿ ಎಂದು ಕೇಳಿ ಕೇಳಿ ಕೊನೆಗೆ ಸುಮ್ಮನೆ ನಗುತ್ತ ಕೂತೆ. ಅಕ್ಕ ಮಾತ್ರ ಅವನ ಜೊತೆ ಕನ್ನಡದಲ್ಲಿ ಆರಾಮವಾಗಿ ಮಾತಾಡಿದಳು, ಅವನೂ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟ. ಅವಳಿಗೆ ಇದೇನೂ ಹೊಸದಲ್ಲ. ಭಾವನ ಮನೆತನ ಮುಂಡಗೋಡದ ಕಡೆಯದು. ಅಲ್ಲಿನ ಸಂತೆಯಲ್ಲಿ ಟಿಬೇಟಿನಿಂದ ಬಂದು ನೆಲೆಸಿದ ಲಾಮಾಗಳ ಪಕ್ಕ ನಿಂತು ಬದನೆಕಾಯಿ ಆರಿಸಿದವಳು. ಪರದೇಶದವರೆಂದರೆ ಅವಳ ಲೆಕ್ಕದಲ್ಲಿ ಬೇರೆ ನಮೂನೆಯ ಅಂಗಿ ತೊಟ್ಟವರು, ಅಷ್ಟೇ.

ಗ್ಲಾಸ್ಗೋ

ಸುಜಾ ಸೊರಗಿದ್ದಳು. ಬಾಗಿಲು ತೆರೆದವಳೇ ಅವ್ವನನ್ನು ತಬ್ಬಿಕೊಂಡು ನಿಂತಳು, ಬಹಳ ಹೊತ್ತು ಬಿಡಲಿಲ್ಲ. ಮನೆಯ ತುಂಬ ಅರ್ಧ ತುಂಬಿದ ರಟ್ಟಿನ ಡಬ್ಬಿಗಳು. ಅಕ್ಕ ಸೆರಗು ಸಿಕ್ಕಿಸಿ ಅಂದೇ ಪಾತ್ರೆ ಕಟ್ಟಲು ಕೂತಳು. ಸುಜಾ "ಅವಸರ ಏನೈತಿ ಅವ್ವಾ" ಎಂದರೂ ಕೇಳಲಿಲ್ಲ.

ಆ ಊರಿನ ಜನ ನನಗೆ ಬಹಳ ಹಿಡಿಸಿದರು. ನಾವು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಜೋಯಿಡಾದ ಕಡೆಯಂತೆ ದಿನವಿಡೀ ಜಿನುಗುವ ಮಳೆ. ಆದರೂ ಪ್ರತಿಯೊಬ್ಬರೂ ಅದನ್ನು ಆಗಷ್ಟೇ ಕಂಡವರಂತೆ ಒಬ್ಬರಿಗೊಬ್ಬರು ತಿಳಿಸುತ್ತಾರೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಕೃತಜ್ಞತೆ ಹೇಳಿಯೇ ಇಳಿಯುವುದು ಅಲ್ಲಿನ ಪದ್ಧತಿ. ನಮ್ಮ ಹಳಿಯಾಳದ ಬಸ್ಸಿನಲ್ಲಿ ಹಾಗೆ ಮಾಡಿದರೆ ಡ್ರೈವರ್ ಏನೋ ಕುಚೋದ್ಯವೆಂದು ತಿರುಗಿ ನೋಡಿಯಾನು. ಅಕ್ಕನಿಗೆ ಆ ಪದ್ಧತಿ ಎಷ್ಟು ಇಷ್ಟವಾಯಿತೆಂದರೆ, ಇಳಿಯುವಾಗ ಹಣೆಯ ವಿಭೂತಿ ಕಾಣುವ ಹಾಗೆ ತಲೆ ಬಾಗಿಸಿ "ಶರಣ್ರೀ" ಎನ್ನತೊಡಗಿದಳು. ಡ್ರೈವರುಗಳು ಉತ್ತರವಾಗಿ ಏನೇನೋ ಅನ್ನುತ್ತಿದ್ದರು, ಖುಷಿಯಿಂದಲೇ.

ಸುಜಾಳ ಕಚೇರಿ ನೋಡಬೇಕೆಂದು ನಾನೇ ಹಟ ಹಿಡಿದೆ. ಅವಳಿಗೆ ಕರೆದೊಯ್ಯಲು ಮನಸ್ಸಿರಲಿಲ್ಲ. ಒಂದು ಕೋಣೆ, ನಾಲ್ಕಾರು ಕಂಪ್ಯೂಟರು, ಪರದೆಯ ಮೇಲೆ ನಡುಗುವ ಗೆರೆಗಳು. ಅವಳು ಅವ್ವನಿಗೆ ತಿಳಿಯಲಿ ಎಂದು ನಿಧಾನವಾಗಿ ಹೇಳಿದಳು. ದೂರದ ಆಕಾಶದಲ್ಲಿ ಭಾರವಾದ ಎರಡು ಕಾಯಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಕೂಡಿಬಿಡುತ್ತವೆ. ಹಾಗೆ ಕೂಡಿದಾಗ, ನೀರಿಗೆ ಕಲ್ಲು ಬಿದ್ದಂತೆ, ಆಕಾಶವೇ ಅಲ್ಲಾಡಿ ಅಲೆ ಹೊರಡುತ್ತದೆ. ಅದು ನಮ್ಮನ್ನು ಮುಟ್ಟುವ ಹೊತ್ತಿಗೆ ಎಷ್ಟು ಸಣ್ಣದಾಗಿರುತ್ತದೆ ಎಂದರೆ ಕೂದಲೆಳೆ ಅದರ ಮುಂದೆ ಬೆಟ್ಟ. ಅದನ್ನು ಹಿಡಿಯಲು ಬೇರೆ ಬೇರೆ ದೇಶಗಳಲ್ಲಿ ಮೈಲುಗಟ್ಟಲೆ ಉದ್ದದ ಕೊಳವೆಗಳನ್ನು ಹಾಕಿ ಅವುಗಳಲ್ಲಿ ಬೆಳಕು ಬಿಟ್ಟಿದ್ದಾರೆ.

"ಆದ್ರ ಅವ್ವಾ, ಹತ್ತಿರದಾಗ ಲಾರಿ ಹೋದ್ರೂ ಅದು ಅಲ್ಲಾಡತೈತಿ. ಟ್ರ್ಯಾಕ್ಟರ್ ಹೊಡದ್ರೂ ಅಲ್ಲಾಡತೈತಿ. ಸಮುದ್ರದ ತೆರಿ ದಂಡಿಗೆ ಬಡದ್ರೂ ಅಲ್ಲಾಡತೈತಿ. ಯಾವುದು ಲಾರಿ, ಯಾವುದು ಆಕಾಶ ಅಂತ ಆರಿಸೋ ಮಂದ್ಯಾಗ ನಾನೂ ಒಬ್ಬಾಕಿ."

"ಆ ಎರಡೂ ಕೂಡಿದ್ದು ಯಾವಾಗ?" ಎಂದಳು ಅಕ್ಕ.

"ಕೋಟಿಗಟ್ಲೆ ವರ್ಷ ಆತು."

"ಸುದ್ದಿ ಈಗ ಬಂತ?"

"ಹೂಂ."

"ಹಂಗಾರ ಅವಸರ ಇಲ್ಲ ಬಿಡು. ಹುಬ್ಬಳ್ಳ್ಯಾಗ ಕುಂತ ನೋಡಿದ್ರೂ ನಡೀತೈತಿ" ಎಂದು ಅಕ್ಕ ನಕ್ಕಳು. ಸುಜಾ ನಗಲಿಲ್ಲ. ಅವಳ ಸಹೋದ್ಯೋಗಿ ಒಬ್ಬ ಬಂದು ನಮ್ಮ ಕೈಕುಲುಕಿ, ಇವಳು ಹೋಗುವುದು ನಮಗ್ಯಾರಿಗೂ ಇಷ್ಟವಿಲ್ಲ ಎಂದ. ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ಅಕ್ಕನಿಗೆ ಹೇಳಲಿಲ್ಲ. ಹುಬ್ಬಳ್ಳಿಯ ಕೆಲಸ ಗೊತ್ತುಮಾಡಿದವನು ನಾನಲ್ಲವೇ.

ಲಾರ್ಗ್ಸ್

ಮೋಡ ಸರಿದು ಬಿಸಿಲು ಬಿದ್ದ ದಿನ ಸುಜಾ ನಮ್ಮನ್ನು ರೈಲಿನಲ್ಲಿ ಲಾರ್ಗ್ಸ್ ಎಂಬ ಊರಿಗೆ ಕರೆದುಕೊಂಡು ಹೋದಳು. ನೀರಿನ ದಂಡೆಯ ಸಣ್ಣ ಊರು. ಎದುರಿಗೇ ಹಸಿರು ಗುಡ್ಡದ ದ್ವೀಪ, ಅಲ್ಲಿಗೆ ಹೋಗಿಬರುವ ದೊಡ್ಡ ದೋಣಿ. ಬಿಸಿಲಿಗೆ ಊರಿಗೆ ಊರೇ ದಂಡೆಗೆ ಬಂದಿತ್ತು. ನಮಗೆ ಸ್ವೆಟರು ಬೇಕಾದ ಚಳಿಯಲ್ಲಿ ಅವರು ನೀರಿಗಿಳಿದಿದ್ದರು.

"ಸೂಪಾ ಹಿನ್ನೀರು ಇದ್ದಂಗ ಐತಲ್ಲೋ" ಎಂದಳು ಅಕ್ಕ. ನಿಜಕ್ಕೂ ಹಾಗೇ ಇತ್ತು. ಅವಳು ಕಂಡ ಸಮುದ್ರವೆಂದರೆ ಗೋಕರ್ಣದ್ದು; ಅದಕ್ಕೆ ಆಚೆ ದಂಡೆಯೇ ಇಲ್ಲ. ಇಲ್ಲಿ ಎರಡೂ ಕಡೆ ಗುಡ್ಡ, ನಡುವೆ ಕಪ್ಪಾದ ನಿಂತ ನೀರು.

ನಾನು ಅಷ್ಟರಲ್ಲಿ ಐಸ್‌ಕ್ರೀಮಿನ ಗಾಡಿಯ ಮುಂದೆ ನಿಂತಿದ್ದೆ. ಅಲ್ಲಿನ ಹಲಗೆಯ ಮೇಲೆ ಬರೆದಿತ್ತು, ರಾಸ್ಪ್‌ಬೆರಿ ರಿಪಲ್ ಎಂದು. ನನಗೆ ಪುಳಕವಾಯಿತು. ರಿಪಲ್ ಎಂಬ ಶಬ್ದವನ್ನು ನಾನು ವರ್ಷ ವರ್ಷವೂ ಕಲಿಸಿದವನು. ಮೊದಲ ಅರ್ಥ, ನೀರಿನ ಕಿರುತೆರೆ. ಎರಡನೆಯದು, ಜನರ ಗುಂಪಿನಲ್ಲಿ ಮೆಲ್ಲಗೆ ಹಬ್ಬುವ ನಗೆ ಅಥವಾ ಚಪ್ಪಾಳೆ. ಮೂರನೆಯದು, ಒಂದು ಕೆಲಸದಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ದೂರ ಹೋಗುವ ಪರಿಣಾಮ. ಪತ್ರಿಕೆಯವರಿಗೆ ಬಲು ಪ್ರೀತಿಯದು. ಆಕಾಶದ ಅಲೆಗೂ ಅವರು ಇದೇ ಶಬ್ದ ಬಳಸುತ್ತಾರೆ ಎಂದು ಸುಜಾ ಹೇಳಿದ್ದಳು. ಅದನ್ನು ನಾಲಿಗೆಯಿಂದ ನೆಕ್ಕಬಹುದೆಂದು ಮಾತ್ರ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಬಿಳಿಯ ಕೆನೆಯ ನಡುವೆ ಹಣ್ಣಿನ ಕೆಂಪು ಗೆರೆ ಬಳುಕಿಕೊಂಡು ಹೋಗಿತ್ತು. ನಾನು ಅದನ್ನು ನೋಡುತ್ತ ಮೈಮರೆತಿರುವಾಗ ಅಕ್ಕ ಹಿಂದಿನಿಂದ ಏನೋ ಕೇಳಿದಳು. ನಾನು "ಹೂಂ" ಎಂದೆ.

ಅವಳು ಕೇಳಿದ್ದು, "ಮ್ಯಾಲೆ ಡ್ಯಾಮ್ ಐತೇನೋ ತಮ್ಮಾ?" ಎಂದು. ಅದು ನನಗೆ ಗೊತ್ತಾದದ್ದು ಆಮೇಲೆ.

ಇಲ್ಲಿ ನಮ್ಮ ಊರಿನ ಒಂದು ರೂಢಿ ಹೇಳಬೇಕು. ನಾನೂ ಅಕ್ಕನೂ ಹುಟ್ಟಿದ್ದು ದಾಂಡೇಲಿಯ ಪಕ್ಕದ ಕೋಗಿಲಬನದಲ್ಲಿ, ಕಾಳಿ ನದಿಯ ದಂಡೆಯಲ್ಲಿ. ಸೂಪಾ ಅಣೆಕಟ್ಟಿನ ಕೆಳಗೆ ವಿದ್ಯುತ್ತಿನ ಯಂತ್ರ ತಿರುಗಿಸಿದಾಗ ನದಿಗೆ ನೀರು ಬಿಡುತ್ತಾರೆ. ಮಳೆಯಿಲ್ಲ, ಮೋಡವಿಲ್ಲ, ಸದ್ದಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸಣ್ಣ ತೆರೆಗಳು ಎದ್ದು, ನೋಡನೋಡುತ್ತ ಒಣಗಿದ್ದ ಕಲ್ಲು ಒದ್ದೆಯಾಗುತ್ತದೆ. ಮೊದಲು ಕಂಡವರು "ನೀರು ಬಿಟ್ಟಾರ! ಮ್ಯಾಲೆ ಬರ್ರಿ!" ಎಂದು ಕೂಗಬೇಕು. ಕೇಳಿದವರು ಹೌದೋ ಅಲ್ಲವೋ ಎಂದು ವಿಚಾರಿಸದೆ ಮೇಲೆ ಹತ್ತಬೇಕು. ಎಷ್ಟೋ ಸಲ ಅದು ಸುಳ್ಳಾಗುತ್ತಿತ್ತು. ಎಮ್ಮೆ ಇಳಿದದ್ದೋ, ಗಾಳಿ ಬೀಸಿದ್ದೋ. ಆದರೆ ತಪ್ಪು ಕೂಗಿದವರನ್ನು ಯಾರೂ ಬೈಯುತ್ತಿರಲಿಲ್ಲ. ಬೈದರೆ ನಾಳೆ ಕೂಗುವವರು ಯಾರು?

ಐಸ್‌ಕ್ರೀಮು ಕೈಗೆ ಬಂದು ನಾನು ತಿರುಗುವಷ್ಟರಲ್ಲಿ ಆ ಕೂಗು ಲಾರ್ಗ್ಸಿನ ದಂಡೆಯಲ್ಲಿ ಎದ್ದಿತು.

"ಏ ಯವ್ವಾ! ಮ್ಯಾಲೆ ಬಾ! ನೀರು ಬಿಟ್ಟಾರ! ಎಲ್ಲಾರೂ ಮ್ಯಾಲೆ ಬರ್ರಿ!"

ಅಕ್ಕ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಚಪ್ಪಲಿ ಬಿಟ್ಟು, ಬೆಣಚುಕಲ್ಲುಗಳ ಮೇಲೆ ಓಡುತ್ತಿದ್ದಳು. ಮೊಣಕಾಲುದ್ದ ನೀರಿನಲ್ಲಿ ಈಜುಡುಗೆ ತೊಟ್ಟ ಬಿಳಿಗೂದಲಿನ ಒಬ್ಬ ಅಜ್ಜಿ ದ್ವೀಪದ ಕಡೆ ಮುಖಮಾಡಿ ನಿಂತಿದ್ದಳು. ಅಕ್ಕ ಅವಳ ಮುಂಗೈ ಹಿಡಿದು, ಸೊಂಟಕ್ಕೆ ಕೈ ಕೊಟ್ಟು, ದರದರ ಎಳೆದು ದಂಡೆಗೆ ತಂದಳು. ಸ್ಕಾಟ್ಲೆಂಡಿನ ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಆ ದನಿಗೆ ಅನುವಾದ ಬೇಕಿರಲಿಲ್ಲ. ಸುತ್ತಲಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಮೇಲೆ ಓಡಿದರು. ಕಾಲು ತೋಯಿಸುತ್ತಿದ್ದ ಗಂಡಸರೂ ಪ್ಯಾಂಟು ಹಿಡಿದು ಓಡಿದರು.

ತೆರೆಗಳು ಬಂದವು. ಒಂದು, ಎರಡು, ಇನ್ನೂ ಒಂದೆರಡು. ಕಲ್ಲುಗಳನ್ನು ತೋಯಿಸಿ ಹಿಂದೆ ಸರಿದವು. ಆಮೇಲೆ ಏನೂ ಬರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ದ್ವೀಪಕ್ಕೆ ಹೊರಟ ದೋಣಿ ಎಬ್ಬಿಸಿದ ತೆರೆಗಳು ಅವು. ಮೊದಲೇ ಉಬ್ಬರದ ಹೊತ್ತು, ನೀರು ಮೆಲ್ಲಗೆ ಏರುತ್ತಲೂ ಇತ್ತು. ಕಾಳಿಯ ದಂಡೆಯವರಿಗೆ ಅಷ್ಟು ಸಾಕು.

ಅಕ್ಕ ಇನ್ನೂ ಅಜ್ಜಿಯ ಕೈ ಬಿಟ್ಟಿರಲಿಲ್ಲ. ನೀರನ್ನೇ ನೋಡುತ್ತ ನಿಂತಿದ್ದಳು. ನಾನು ಓಡಿಹೋಗಿ ಹೇಳಿದೆ.

"ಅಕ್ಕಾ, ಇದು ಸಮುದ್ರ. ಡ್ಯಾಮ್ ಎಲ್ಲೀದು?"

ಅವಳು ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. "ಉಪ್ಪ ಐತಿ! ಮತ್ತ ನೀ ಹೂಂ ಅಂದಿ?"

ನನ್ನ ಕೈಯಿಂದ ಕೆಂಪು ಗೆರೆಯ ಐಸ್‌ಕ್ರೀಮು ಅಂಗಿಯ ತೋಳಿಗೆ ಇಳಿಯುತ್ತಿತ್ತು. ಆಗ ದಂಡೆಯ ಒಂದು ತುದಿಯಿಂದ ಶುರುವಾಗಿ ಇನ್ನೊಂದು ತುದಿಯವರೆಗೆ ನಗೆ ಹಬ್ಬಿತು. ರಿಪಲ್ ಶಬ್ದದ ಆ ಎರಡನೆಯ ಅರ್ಥವನ್ನು ನಾನು ಅಷ್ಟು ವರ್ಷ ಕಲಿಸಿದ್ದರೂ ಕಣ್ಣಾರೆ ಕಂಡದ್ದು ಅಂದೇ, ಮತ್ತು ಅದು ನಮ್ಮ ಮೇಲೆಯೇ.

ಅಕ್ಕನ ಮುಖ ಕೆಂಪಾಯಿತು. ಅಜ್ಜಿಯ ಕೈ ಬಿಟ್ಟು, ಸೀರೆ ಇಳಿಸಿ, ಕೈಮುಗಿದಳು. ನಾನು ಸುಜಾಳ ಸಹಾಯದಿಂದ ಅಜ್ಜಿಗೆ ಎಲ್ಲ ವಿವರಿಸಿದೆ: ಕಾಳಿ, ಸೂಪಾ, ಬಟ್ಟೆ ಒಗೆಯುವ ಕಲ್ಲು. ಮೋರಾಗ್ ಅಂತ ಆಕೆಯ ಹೆಸರು. ಆಕೆ ನಗುತ್ತಿದ್ದವಳು ನಗುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ತನ್ನ ದೊಡ್ಡ ಟವೆಲಿನ ಒಂದು ಸೆರಗನ್ನು ಅಕ್ಕನ ಹೆಗಲಿಗೆ ಹೊದಿಸಿದಳು. ಆಮೇಲೆ ಏನೋ ಹೇಳಿದಳು. ನಾನು ಮತ್ತೊಮ್ಮೆ ಹೇಳಿಸಿಕೊಂಡು ಅಕ್ಕನಿಗೆ ತಿಳಿಸಿದೆ. ಗಂಡ ತೀರಿಹೋದ ಮೇಲೆ ತಾನು ದಿನವೂ ಇಲ್ಲಿ ನೀರಿಗಿಳಿಯುತ್ತೇನೆ, ಯಾರೂ ಮೇಲೆ ಬಾ ಎಂದು ಕರೆದಿರಲಿಲ್ಲ ಎಂದಿದ್ದಳು.

ಅಕ್ಕ ಮತ್ತೆ ಅವಳ ಕೈ ಹಿಡಿದುಕೊಂಡಳು. ಮೋರಾಗ್ ಫ್ಲಾಸ್ಕಿನ ಚಹಾ ಕೊಟ್ಟಳು, ಸಕ್ಕರೆ ಇಲ್ಲದ್ದು. ಅಕ್ಕ ಮುಖ ಕಿವುಚದೆ ಕುಡಿದಳು. ಅವಳ ಇಡೀ ಪ್ರವಾಸದಲ್ಲಿ ನಾನು ಕಂಡ ಅತಿ ದೊಡ್ಡ ಸೌಜನ್ಯ ಅದೇ.

ಬೆಂಚಿನ ಮೇಲೆ

ಮೋರಾಗ್ ಹೋದಮೇಲೆ ನೋಡಿದರೆ ಸುಜಾ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದಾಳೆ. ಅವ್ವ ಮಾಡಿದ ರಾದ್ಧಾಂತಕ್ಕೆ ಅವಮಾನವಾಯಿತೇನೋ ಎಂದುಕೊಂಡೆ. ಅಕ್ಕನೂ ಹಾಗೇ ತಿಳಿದು, "ತಪ್ಪಾತವ್ವಾ, ನಿನ್ನ ಊರಾಗ ನಿನ್ನ ಮರ್ಯಾದಿ ಕಳದೆ" ಎಂದಳು.

"ಅದಲ್ಲವ್ವಾ" ಎಂದಳು ಸುಜಾ. ಆಮೇಲೆ ಅಳುತ್ತ, ತಡೆದು ತಡೆದು ಹೇಳಿದಳು. ವಸಂತದಲ್ಲಿ ಒಂದು ದಿನ ಅವಳ ಪಾಳಿ. ಗೆರೆಯೊಂದು ಅಲ್ಲಾಡಿತು. ಲಾರಿಯಲ್ಲ, ಗಾಳಿಯಲ್ಲ ಎಂದು ಅವಳಿಗೆ ಅನ್ನಿಸಿತು. ಆಕಾಶದ್ದೇ ಎಂದು ಲೋಕದ ವೀಕ್ಷಣಾಲಯಗಳಿಗೆಲ್ಲ ಸಂದೇಶ ಕಳಿಸಲು ಒಪ್ಪಿಗೆ ಕೊಟ್ಟಳು. ಅವಳ ಮಾತು ನಂಬಿ ಒಂದು ದೇಶದವರು ದೂರದರ್ಶಕ ತಿರುಗಿಸಿದರು, ಅವರನ್ನು ನೋಡಿ ಇನ್ನೊಂದು ದೇಶದವರು, ಅವರಿಂದ ಮತ್ತೊಂದು. ಪ್ರಪಂಚದ ಆ ತುದಿಯಿಂದ ಈ ತುದಿಯವರೆಗೆ ಜನ ತಮ್ಮ ಕೆಲಸ ಬಿಟ್ಟು ಆಕಾಶದ ಆ ಮೂಲೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಯಂತ್ರದೊಳಗಿನದೇ ಏನೋ ಒಂದು ಕಂಪನ ಅದು.

"ಬೈದ್ರೇನು?" ಎಂದಳು ಅಕ್ಕ.

"ಇಲ್ಲ. ಒಬ್ಬರೂ ಬೈಲಿಲ್ಲ. ಹಿಂಗ ಆಗೂದ ಅಂದ್ರು."

"ಮತ್ತ?"

"ನನಗ ನಾಚಿಕಿ ಅವ್ವಾ. ಈಗ ಗೆರಿ ಅಲ್ಲಾಡಿದ್ರ ಹೌದು ಅನ್ನಾಕ ಧೈರ್ಯನ ಇಲ್ಲ. ಅದಕ್ಕ ಬಿಟ್ಟು ಬರ್ತೇನಂದೆ. ನಿನ್ನ ಸಲುವಾಗಿ ಅಂತ ಎಲ್ಲಾರ ಮುಂದ ಹೇಳೇನಿ."

ಆ ಹೊತ್ತು ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅವಳಿಗೆ ಏನು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಮಗಳು ತಾನಾಗಿಯೇ ಬರುತ್ತೇನೆ ಎನ್ನುತ್ತಿದ್ದಾಳೆ. ಇವಳು ಸುಮ್ಮನೆ ತಲೆ ಸವರಿ "ಆತು ಬಾರವ್ವಾ" ಎಂದರೆ ಮುಗಿಯಿತು. ದಾಂಡೇಲಿಯಿಂದ ಹುಬ್ಬಳ್ಳಿಗೆ ಬೆಳಗಿನ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮಗಳ ಮನೆ.

ಅಕ್ಕ ಸೆರಗಿನಿಂದ ಮಗಳ ಮೂಗು ಒರೆಸಿದಳು, ಸಣ್ಣವಳಿಗೆ ಒರೆಸುವ ಹಾಗೆ.

"ಸುಜಾ, ಈಗ ನಾ ಎಷ್ಟ ಮಂದಿ ಮುಂದ ತಪ್ಪ ಕೂಗಿದೆ?"

"ಊರಿಗೆ ಊರ ಇತ್ತವ್ವಾ."

"ನಗಲಿಲ್ಲೇನು?"

"ನಕ್ರು."

"ನಾಳೆ ಕಾಳ್ಯಾಗ ಕಲ್ಲ ಒದ್ದಿ ಆತಂದ್ರ ನಾ ಕೂಗತೇನೋ ಇಲ್ಲೋ?"

ಸುಜಾ ಮುಖ ಎತ್ತಿ ಅವ್ವನನ್ನು ನೋಡಿದಳು.

"ಕೂಗತೇನಿ. ಕೂಗದ ಸುಮ್ಮನ ಕುಂತಾಗ ಖರೇನ ನೀರು ಬಂದ್ರ?" ಅಕ್ಕ ಎದ್ದು ಸೀರೆ ಕೊಡವಿದಳು. "ನನ್ನ ಹೆಸರ ಹೇಳಿ ಬರಬ್ಯಾಡ. ಬರಬೇಕನಿಸಿದ್ರ ಬಾ, ಅಂಜಿ ಬರಬ್ಯಾಡ. ನಡೀರಿ, ಚಳಿ ಆಗಾಕತ್ತೇತಿ."

ರೈಲಿನಲ್ಲಿ ತಾಯಿ ಮಗಳು ಒಬ್ಬರ ಹೆಗಲಿಗೆ ಇನ್ನೊಬ್ಬರು ಒರಗಿ ಮಲಗಿದರು. ನಾನು ಕಿಟಕಿಯ ಪಕ್ಕ ಕೂತು, ಹುಬ್ಬಳ್ಳಿಯ ಕಾಲೇಜಿನವರಿಗೆ ಏನು ಹೇಳುವುದೆಂದು ವಾಕ್ಯ ಜೋಡಿಸತೊಡಗಿದೆ.

ಮರಳಿ

ಮರುದಿನ ಸುಜಾ ಒಂದು ಡಬ್ಬಿ ಬಿಚ್ಚಿದಳು. ಚಹಾದ ಪಾತ್ರೆ ಬೇಕಾಗಿತ್ತು ಎಂದಳು. ಅದರ ಮರುದಿನ ಪುಸ್ತಕದ ಡಬ್ಬಿ. ಅಕ್ಕ ಏನೂ ಅನ್ನದೆ, ತಾನೇ ಕಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ತೊಳೆದು ಮತ್ತೆ ಕಪಾಟಿನಲ್ಲಿ ಜೋಡಿಸಿದಳು. ಉಳಿದ ರೊಟ್ಟಿಯನ್ನು ಹೇಗೆ ಇಟ್ಟರೆ ಮೆತ್ತಗಾಗುವುದಿಲ್ಲ ಎಂದು ತೋರಿಸಿಕೊಟ್ಟಳು. ಸುಜಾ ಆ ವಾರದಲ್ಲೇ ಒಂದು ಪಾಳಿಗೆ ಹೋದಳು. ಬಂದಾಗ ಮುಖದಲ್ಲಿ ಸುಸ್ತಿತ್ತು, ಹಸಿವೂ ಇತ್ತು. ಎರಡು ಸಲ ಬಡಿಸಿಕೊಂಡು ಉಂಡಳು.

ವಿಮಾನ ನಿಲ್ದಾಣದಲ್ಲಿ ಅಕ್ಕ ಅಳಲಿಲ್ಲ. ಮಗಳ ಹಣೆಗೆ ವಿಭೂತಿ ಹಚ್ಚಿ, ಗಲ್ಲ ಸವರಿ, "ಹೊತ್ತಿಗೆ ಉಣ್ಣು" ಎಂದಳು. ತಿರುಗಿ ನೋಡದೆ ಒಳಗೆ ನಡೆದಳು. ನನಗೇ ಕಣ್ಣು ತುಂಬಿ ಎಲ್ಲ ಮಂಜಾಗಿತ್ತು. ಪಾಸ್‌ಪೋರ್ಟು ಯಾವ ಜೇಬಿನಲ್ಲಿದೆ ಎಂದು ಹುಡುಕಿ ಹುಡುಕಿ ಹಿಂದಿನವರಿಂದ ಕ್ಷಮೆ ಕೇಳಿಸಿಕೊಂಡೆ.

ವಿಮಾನ ಮೇಲೇರಿದಾಗ ಕೆಳಗೆ ಬಿಸಿಲಿನಲ್ಲಿ ಸಮುದ್ರ ಹೊಳೆಯುತ್ತಿತ್ತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ.

"ಅಕ್ಕಾ, ನೀ ಭಾಳ ದೊಡ್ಡ ಮನಸು ಮಾಡಿದಿ. ಆಕಿ ಕೆಲಸ ಎಷ್ಟ ದೊಡ್ಡದು ಅಂತ ನಿನಗ ತಿಳೀತು."

"ಅದೆಲ್ಲಾ ನನಗೇನ್ ತಿಳೀತೈತೋ" ಎಂದಳು ಅಕ್ಕ. "ಆಕಾಶನೋ, ಲಾರಿನೋ. ಆ ಮುದುಕಿ ನನ್ನ ಬೈಲಿಲ್ಲ, ಟಾವೆಲ್ ಹೊಚ್ಚಿದ್ಲು. ಇಂಥಾರ ನಡುವ ಬಿಟ್ಟು ಬರಬಹುದು ಅನಿಸ್ತು. ಅಷ್ಟ."

ಕಿಟಕಿಯ ಕಡೆ ಮುಖ ಮಾಡಿದಳು. ಆಮೇಲೆ ಅವಳ ಭುಜ ಅಲ್ಲಾಡತೊಡಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಪಕ್ಕದವರಿಗೆ ಕೇಳಿಸದ ಹಾಗೆ, ನನ್ನ ಕಡೆ ತಿರುಗಿದಳು.

"ನನಗ ಆಕಿ ಬೇಕಾಗಿದ್ಲೋ ತಮ್ಮಾ. ಭಾಳ ಬೇಕಾಗಿದ್ಲು."